ನೂರ ಅರವತ್ತಮೂರರ ಮುಂದಿನ ಸೊನ್ನೆ

"ಮಹಾಂತೇಶಣ್ಣ, ಒಂದು ಕಳೆದುಹೋಗಿದೆ!"

ಹೊಸಬಾಳೆಯ ಅಶ್ವಿನಿ ಶಿರಾಳಕೊಪ್ಪದ ನನ್ನ ಡಿಟಿಪಿ ಅಂಗಡಿಗೆ ನುಗ್ಗಿದಾಗ ಮಧ್ಯಾಹ್ನ ಎರಡು ಗಂಟೆ. ಯಾರದೋ ಮದುವೆ ಕಾರ್ಡು ಜೋಡಿಸುತ್ತಿದ್ದ ನಾನು ಬೆಚ್ಚಿಬಿದ್ದೆ.

"ಏನವಾ? ಸರ ಹೋತಾ?"

"ಸರ ಅಲ್ಲ ಅಣ್ಣ. ಒಂದು! ಅಂಕಿ!"

ಲ್ಯಾಪ್‌ಟಾಪ್ ತೆರೆದು ತೋರಿಸಿದಳು. 163 ಎಂಬ ಸಂಖ್ಯೆಯ ಮುಂದೆ ದುಂಡನೆಯ ಸೊನ್ನೆ ಕೂತಿತ್ತು. ಅಲ್ಲಿ ಒಂದು ಇರಬೇಕಿತ್ತಂತೆ.

ನನಗೆ ತಿಳಿದಷ್ಟು ಹೇಳುತ್ತೇನೆ. ಕಾಲ್ಪನಿಕ ಆಬೇಲಿಯನ್ ಕ್ಷೇತ್ರಗಳೆಂದು ಸಂಖ್ಯೆಗಳ ಪ್ರಪಂಚಗಳಿವೆ. ಅಲ್ಲಿ ಸಂಖ್ಯೆಗಳನ್ನು ಒಡೆಯುವಾಗ ಎಷ್ಟು ಗೋಜಲಾಗುತ್ತದೆಂದು ಸಾಪೇಕ್ಷ ವರ್ಗಸಂಖ್ಯೆ ಹೇಳುತ್ತದೆ. ಒಂದು ಬಂದರೆ ಗೋಜಲೇ ಇಲ್ಲ. ಸೊನ್ನೆ ಮಾತ್ರ ಬರುವ ಹಾಗೇ ಇಲ್ಲ. ದೊಡ್ಡ ಕ್ಷೇತ್ರಗಳಿಗೆ ಇದನ್ನು ಲೆಕ್ಕ ಹಾಕಲು ಅಶ್ವಿನಿ ತನ್ನ ಸಂಶೋಧನೆಗಾಗಿ ಪ್ರೋಗ್ರಾಮ್ ಬರೆದಿದ್ದಳು. ಉತ್ತರ ಮೊದಲೇ ಗೊತ್ತಿರುವ ಚಿಕ್ಕ ಕ್ಷೇತ್ರಗಳ ಮೇಲೆ ಅದರ ಪರೀಕ್ಷೆ ನಡೆದಿತ್ತು.

"ಗೈಡ್ ಫೋನ್ ಮಾಡಿದ್ರು. ಐದು ಗಂಟೆ ಒಳಗೆ ಕಾರಣ ಹೇಳದಿದ್ರೆ ಫೆಲೋಶಿಪ್ಪಿಗೆ ನನ್ನ ಹೆಸರು ಕಳಿಸಲ್ವಂತೆ. ಅಂಕಿ ಸುಮ್ನೆ ಬರ್ಕೊಂಡು ಬಂದಿದೀಯಾ ಅಂತ ಕೇಳಿಬಿಟ್ರು ಅಣ್ಣ!" ಅವಳ ಕಣ್ಣು ತುಂಬಿತು. ನನಗೆ ಮೈ ಉರಿಯಿತು. ಒಂದು ವರ್ಷದಿಂದ ಆ ಹುಡುಗಿ ಪಟ್ಟ ಪಾಡು ನಾನು ಕಂಡವನು.

ತಕ್ಷಣ ಜಗದಾಂಬ ಮೇಡಂಗೆ ಫೋನ್ ಮಾಡಿದೆ. ಶಿಕಾರಿಪುರದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನನಗೂ ಕಲಿಸಲು ನೋಡಿದ್ದರು, ಪಾಪ. ಅವರು ಬಸ್ಸು ಹತ್ತಿ ಬರುವಷ್ಟರಲ್ಲಿ ನಾನು ಪತ್ತೇದಾರಿಕೆ ಶುರುಮಾಡಿದೆ. ಬಿಳಿ ಹಾಳೆ ತೆಗೆದು, ಮೇಲೆ ಶ್ರೀ ಬರೆದು, ಕೆಳಗೆ ಕಳ್ಳನ ಹೆಸರು ಬರೆದೆ: ತಿಪ್ಪೇಶ.

ಕುಪ್ಪಗಡ್ಡೆಯ ತಿಪ್ಪೇಶ ಅಶ್ವಿನಿಯ ಸಹಪಾಠಿ. ಅದೇ ಫೆಲೋಶಿಪ್ಪಿಗೆ ಅರ್ಜಿ ಹಾಕಿ ಆಮೇಲೆ ಹಿಂದೆ ಸರಿದವನು. ಕಳೆದ ವಾರ ಅವಳ ಫೈಲುಗಳಿದ್ದ ಪೆನ್‌ಡ್ರೈವನ್ನು ನನ್ನ ಅಂಗಡಿಯಿಂದ ಸೊರಬಕ್ಕೆ ಒಯ್ದು ಅವಳಿಗೆ ಕೊಟ್ಟವನೂ ಅವನೇ. ಇನ್ನೇನು ಬೇಕು?

ಮೇಡಂ ಬಂದರು. ನಾನು ಕರೆಸಿದ್ದ ತಿಪ್ಪೇಶನೂ ಬೈಕಿನಲ್ಲಿ ಬಂದ.

"ಪೆನ್‌ಡ್ರೈವ್ ತೆಗೆದು ನೋಡಿದ್ಯೇನಪ್ಪ?"

"ಇಲ್ಲ ಮೇಡಂ. ಜೇಬಲ್ಲಿಟ್ಕೊಂಡು ಹೋಗಿ ಕೊಟ್ಟೆ, ಅಷ್ಟೇ."

"ಸುಳ್ಳು!" ನಾನು ಮೇಜು ಗುದ್ದಿದೆ. "ಹೊಟ್ಟೆಕಿಚ್ಚು ಮೇಡಂ ಇವನಿಗೆ!"

ತಿಪ್ಪೇಶನ ಮುಖ ಕಪ್ಪಿಟ್ಟಿತು. "ಹೊಟ್ಟೆಕಿಚ್ಚು ಇತ್ತು ರೀ. ಇಲ್ಲ ಅನ್ನಲ್ಲ. ಆದ್ರೆ ಅವಳ ಲೆಕ್ಕ ಕೆಡಿಸೋ ಅಷ್ಟು ನೀಚ ಅಲ್ಲ ನಾನು."

"ನೀ ಸ್ವಲ್ಪ ಸುಮ್ನಿರು ಮಹಾಂತೇಶ," ಎಂದರು ಮೇಡಂ. "ಅಶ್ವಿನಿ, ತಪ್ಪಿರೋದು ಇದೊಂದೇನಾ?"

"ಇಲ್ಲ ಮೇಡಂ. ನೂರರ ಒಳಗಿನದೆಲ್ಲ ಸರಿ ಇದೆ. ಆಮೇಲಿನ ಏಳೂ ತಪ್ಪು. 103ಕ್ಕೆ ಐದು ಬರ್ಬೇಕು, ನಾಲ್ಕು ಬಂದಿದೆ. 107ಕ್ಕೆ ಮೂರರ ಬದಲು ಎರಡು. 151ಕ್ಕೆ ಏಳರ ಬದಲು ಆರು—"

"ಎಲ್ಲದರಲ್ಲೂ ಒಂದೇ ಒಂದು ಕಮ್ಮಿ?" ಮೇಡಂ ಕನ್ನಡಕ ತೆಗೆದರು. "ಸೇಡಿಗೆ ಕೆಡಿಸೋನು ಇಷ್ಟು ಅಚ್ಚುಕಟ್ಟಾಗಿ ಕೆಡಿಸಲ್ಲ. ಇದು ದ್ವೇಷ ಅಲ್ಲ, ಯಾರದೋ ಅಭ್ಯಾಸ. ಪ್ರೋಗ್ರಾಮ್ ಏನು ಮಾಡುತ್ತೆ ಹೇಳು."

"ಪ್ರತಿ ಸಂಖ್ಯೆಗೂ ಪ್ಲಸ್-ಮೈನಸ್ಸುಗಳ ಒಂದು ಫೈಲು, ಸಾಲಿಗೊಂದು ಚಿಹ್ನೆ. ಚಿಹ್ನೆಗಳನ್ನ ಕೈಯಲ್ಲೇ ಲೆಕ್ಕ ಹಾಕು ಅಂದಿದ್ರು ಗೈಡ್. 163ಕ್ಕೆ 162 ಸಾಲು. ಸಾಲಿನ ನಂಬರಿಗೆ ಆ ಚಿಹ್ನೆ ಹಚ್ಚಿ, ಎಲ್ಲ ಕೂಡಿಸಿ, ಮೊತ್ತದ ಮೈನಸ್ ತೆಗೆದು, 163ರಿಂದ ಭಾಗಿಸುತ್ತೆ. ಚಿಹ್ನೆ ಅಲ್ಲದ್ದು ಏನಾದ್ರೂ ಸಿಕ್ರೆ ಸೊನ್ನೆ ಅಂತ ತಗೊಳ್ಳುತ್ತೆ."

"ಫೈಲು ಟೈಪ್ ಮಾಡಿದ್ದು ಯಾರು?"

"ನೂರರವರೆಗೆ ನಾನು. ಆಮೇಲೆ ನೋಟ್‌ಬುಕ್ ಇಲ್ಲೇ ಕೊಟ್ಟೆ, ಅಣ್ಣ ಮಾಡಿದ್ರು."

"ಒಂದು ಚಿಹ್ನೆ ತಪ್ಪಿಲ್ಲ ಮೇಡಂ!" ಎಂದೆ. "ಎರಡೆರಡು ಸಲ ತಾಳೆ ನೋಡೀನಿ!"

ಮೇಡಂ ಮೇಜಿನ ಮೇಲಿದ್ದ ನನ್ನ ಹಾಳೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು.

"ಕಳ್ಳರ ಪಟ್ಟಿಗೂ ಶ್ರೀ ಬರೀತೀಯೇನೋ?"

"ಅಭ್ಯಾಸ ಮೇಡಂ. ಅಪ್ಪನ ಕಾಲದಿಂದ... ಏನೇ ಶುರು ಮಾಡಿದ್ರೂ ಮೊದಲ ಸಾಲು..."

ನಾನು ಲ್ಯಾಪ್‌ಟಾಪ್ ಕಡೆ ತಿರುಗಿದೆ.

ಅಶ್ವಿನಿ 163ರ ಫೈಲು ತೆರೆದಳು. ಮೊದಲ ಸಾಲಿನಲ್ಲಿ ಶ್ರೀ. ಬೆಳಗಿನಿಂದ ಅವಳು ಆ ಫೈಲನ್ನು ಹತ್ತು ಸಲ ನೋಡಿದ್ದಳಂತೆ. ಹುಟ್ಟಿದಾಗಿನಿಂದ ಎಲ್ಲ ಹಾಳೆಯ ತಲೆಯ ಮೇಲೂ ಕಂಡದ್ದು ಯಾರ ಕಣ್ಣಿಗೆ ಬೀಳುತ್ತದೆ?

"ಶ್ರೀ ಒಂದನೇ ಜಾಗ ಹಿಡೀತು," ಎಂದರು ಮೇಡಂ. "ಮಿಕ್ಕವರೆಲ್ಲ ಒಂದೊಂದು ಮನೆ ಕೆಳಗೆ ಸರಿದರು. ಪ್ಲಸ್ಸೂ ಮೈನಸ್ಸೂ ಸಮ ಇರೋದ್ರಿಂದ ಸರಿದದ್ದಕ್ಕೆ ಮೊತ್ತ ಬದಲಾಗಲ್ಲ. ಆದ್ರೆ ಕೊನೆಯವನು ಹೋದದ್ದು 163ನೇ ಸಾಲಿಗೆ. ಪ್ರೋಗ್ರಾಮ್ ಓದೋದು 162 ಸಾಲು ಮಾತ್ರ. ಮೊತ್ತದಲ್ಲಿ ಬಿಟ್ಟುಹೋದದ್ದು ಸರಿಯಾಗಿ 163. ಅದನ್ನ 163ರಿಂದ ಭಾಗಿಸಿದ್ರೆ?"

"ಒಂದು!" ಅಶ್ವಿನಿಯೂ ತಿಪ್ಪೇಶನೂ ಒಟ್ಟಿಗೆ ಕೂಗಿದರು.

"ಎಲ್ಲ ಫೈಲಲ್ಲೂ ಒಂದೊಂದು. ಕಳ್ಳ ನಮ್ಮ ಮಹಾಂತೇಶ."

ನಾಚಿಕೆಯಿಂದ ಕುಗ್ಗಿಹೋದೆ. ಎದ್ದು ತಿಪ್ಪೇಶನ ಕೈ ಹಿಡಿದುಕೊಂಡೆ. "ತಪ್ಪಾಯ್ತಪ್ಪ."

"ಇರ್ಲಿ ಬಿಡ್ರೀ," ಎಂದ. "ಚಹಾ ಹೇಳ್ರಿ. ನಾಲ್ಕೂ ಜನಕ್ಕೆ."

ಅಶ್ವಿನಿ ಏಳು ಫೈಲುಗಳಿಂದ ಏಳು ಶ್ರೀಗಳನ್ನು ಅಳಿಸಿ ಗುಂಡಿ ಒತ್ತಿದಳು. ಐದು, ಮೂರು, ಐದು, ಐದು, ಮೂರು, ಏಳು. ಕೊನೆಗೆ 163ರ ಮುಂದೆ ಒಂದು! ಹುಡುಗಿ ಅತ್ತೇಬಿಟ್ಟಳು, ಈ ಸಲ ಸಂತೋಷಕ್ಕೆ.

ನಾಲ್ಕೂವರೆಗೆ ಗೈಡ್‌ಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ನಗು ಕೇಳಿತು. "ಪ್ರೋಗ್ರಾಮ್ ಸರಿಯಾಗೇ ಇದೆ ಹಾಗಾದ್ರೆ. ಹೆಸರು ಕಳಿಸ್ತೀನಮ್ಮ. ಯಾಕೆ ಸರಿಯಾಗಿ ಒಂದೇ ಕಮ್ಮಿ ಬಂತು ಅನ್ನೋದನ್ನೂ ಒಂದು ಪತ್ರದಲ್ಲಿ ಬರೆದು ಈಗಲೇ ಕಳಿಸು. ಚೆನ್ನಾಗಿದೆ ಅದು."

ನಾನೇ ಟೈಪ್ ಮಾಡುತ್ತೇನೆಂದು ಕೂತೆ. ಹೊಸ ಫೈಲು ತೆರೆದೆ. ಬೆರಳು ಅದಾಗಿಯೇ ಶ್ರೀ ಕಡೆ ಹೊರಟಿತು. ಗಕ್ಕನೆ ಕೈ ಹಿಂದಕ್ಕೆಳೆದುಕೊಂಡೆ.

ಅಶ್ವಿನಿ ಕಣ್ಣೊರೆಸಿಕೊಂಡು ನಕ್ಕಳು.

"ಹಾಕಿ ಅಣ್ಣ. ಇದನ್ನ ಓದೋರು ಮನುಷ್ಯರು."