ಮಿಷಿನ್ನೂ ಕಾಣಂಗೆ ತೆಗೀರಿ

ಬಂಡಳ್ಳಿಯಲ್ಲಿ ಬಸ್ಸಿಳಿದ ನಾಗಶ್ರೀ ಊರುಗೋಲು ಊರಿಕೊಂಡು ನೇರವಾಗಿ ಬಸವೇಶನ ಹಿಪ್ಪುನೇರಳೆ ತೋಟಕ್ಕೆ ನಡೆದಳು. ಹೆಗಲಲ್ಲಿ ಪುಟ್ಟ ಮಿಷಿನ್ನೊಂದು ಗುಂಯ್ಗುಡುತ್ತಿತ್ತು. ಸೊಪ್ಪು ಕೊಯ್ಯುತ್ತಿದ್ದ ಬಸವೇಶ ಕುಡುಗೋಲು ಹಿಡಿದೇ ನಿಂತುಬಿಟ್ಟ.

"ಮದುವೆ ಬ್ಯಾಡ ಅಂದ್ರಂತೆ. ನಿಮ್ಮ ಬಾಯಿಂದ್ಲೇ ಕೇಳಾನ ಅಂತ ಬಂದೆ."

"ಕಾಲು ಮಾಯೋಗಂಟ ಮುಖ ತೋರಿಸ್ಬ್ಯಾಡಿ ಅಂದೋಳು ನೀನಲ್ವಾ?"

ಎರಡು ಮಾತನ್ನೂ ಮುಟ್ಟಿಸಿದ್ದು ಅವನ ತಾಯಿ ಗುರುಸಿದ್ದಮ್ಮ.

ಇಬ್ಬರಿಗೂ ಪರಿಚಯವಾದದ್ದು ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ. ನೂಲು ಬಿಚ್ಚುವ ಕೆಲಸದವಳು ಅವಳು; ಅವನು ತಂದ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಓರೆಗಣ್ಣಲ್ಲಿ ಅವನನ್ನೇ ಅಳೆದಿದ್ದಳು. ನಿಶ್ಚಿತಾರ್ಥವಾಗಿ ತಿಂಗಳಿಗೆ ಟ್ರ್ಯಾಕ್ಟರ್ ಗುದ್ದಿ ಅವಳ ಮೊಣಕಾಲಿನ ಕೆಳಗೆ ಮಾಂಸವೇ ಕಿತ್ತುಹೋಯಿತು. ಎರಡು ಆಪರೇಷನ್ ಆದರೂ ಗಾಯ ಕೂಡಲಿಲ್ಲ. ಕೊನೆಗೆ ಡಾಕ್ಟರು ಗಾಯದೊಳಗೆ ಸ್ಪಂಜು ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಟ್ಯೂಬಿನಿಂದ ಈ ಮಿಷಿನ್ನಿಗೆ ಜೋಡಿಸಿದರು. ಗಾಯದ ನೀರನ್ನು ಅದು ಎಡೆಬಿಡದೆ ಹೀರುತ್ತಿತ್ತು. ಹೊತ್ತುಕೊಂಡೇ ಓಡಾಡಬಹುದಿತ್ತು.

ಇಬ್ಬರೂ ತೋಟದಿಂದ ಮನೆಗೆ ಬಂದು ಕೇಳಿದಾಗ, ಜಗಲಿಯಲ್ಲಿ ಕುಳಿತಿದ್ದ ಗುರುಸಿದ್ದಮ್ಮ ಏನನ್ನೂ ಮುಚ್ಚಿಡಲಿಲ್ಲ. "ಸುಳ್ಳೇಳಿದ್ದು ನಾನೇ ಕಣವ್ವ. ಇವನಪ್ಪ ಓಗಿದ್ದೂ ಕಾಲಿನ ಗಾಯದಲ್ಲೇ. ಅದ ಇನ್ನೊಂದ್ಸಲ ನೋಡಕಾಗಕಿಲ್ಲ ನಂಗೆ."

ನಾಗಶ್ರೀಯ ಕೋಪ ಇಳಿಯಲಿಲ್ಲ. ಆದರೂ ಆಕೆಯ ಪಕ್ಕದಲ್ಲೇ ಕುಳಿತು, ಸೀರೆ ಸರಿಸಿ ಕಾಲು ಚಾಚಿದಳು.

"ಮೊದ್ಲು ಮೂಳೆ ಕಾಣ್ತಿತ್ತು ಅತ್ತೆ. ಮೊನ್ನೆ ಡ್ರೆಸ್ಸಿಂಗ್ ಬಿಚ್ಚಿದಾಗ ಕೆಂಪಗೆ ಮಾಂಸ ತುಂಬ್ಕಂಡಿತ್ತು, ನಾನೇ ನೋಡ್ದೆ. ಇದು ಮಾಯೋಗಂಟ ನಾನು ಅವಿತ್ಕಂಡು ಕೂರಕಿಲ್ಲ. ಗೊತ್ತು ಮಾಡಿದ ದಿನವೇ ಮದುವೆ ಆಗ್ಲಿ. ಬ್ಯಾಡ ಅನ್ನೋದಾದ್ರೆ ಇವರೇ ಅನ್ಲಿ."

ಬಸವೇಶ ತಾಯಿಯ ಕಡೆ ತಿರುಗಿ, ಲಗ್ನಪತ್ರಿಕೆ ಅಚ್ಚಿಗೆ ಕೊಡಲು ನಾಳೆಯೇ ಹನೂರಿಗೆ ಹೋಗುತ್ತೇನೆ ಎಂದ. ನಾಗಶ್ರೀ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಅವನು ಅದನ್ನು ಕಂಡುಬಿಟ್ಟ.

ಗುರುಸಿದ್ದಮ್ಮ ಸ್ವಲ್ಪ ಹೊತ್ತು ಆ ಕಾಲನ್ನೇ ನೋಡಿದರು. ಆಮೇಲೆ ಎದ್ದು ಒಳಗಿನಿಂದ ದಿಂಬು ತಂದು ಅದರ ಕೆಳಗಿಟ್ಟರು.

ಮೂರು ವಾರಕ್ಕೆ ಮದುವೆಯಾಯಿತು. ನೆಂಟರು ಮಿಷಿನ್ನು ನೋಡಿ ಪಿಸುಗುಟ್ಟಿದರು. ಫೋಟೋದವನು ಅದನ್ನು ಒಂದು ಗಳಿಗೆ ಬಿಚ್ಚಿಡಿ ಎಂದ; ನಾಗಶ್ರೀ ಒಪ್ಪಲಿಲ್ಲ. ಹಾಗಾದರೆ ಹಾರದ ಹಿಂದೆ ಮುಚ್ಚಿಕೊಳ್ಳಿ ಎಂದ, ಅದಕ್ಕೂ ಒಪ್ಪಲಿಲ್ಲ. ಬಸವೇಶ ಮಿಷಿನ್ನಿನ ಪಟ್ಟಿಯನ್ನು ಅವಳ ಹೆಗಲಿಂದ ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡ. ಟ್ಯೂಬು ಅಷ್ಟೇನೂ ಉದ್ದವಿರಲಿಲ್ಲ. ಅವನು ಅವಳಿಗೆ ಒತ್ತಿಕೊಂಡೇ ನಿಲ್ಲಬೇಕಾಯಿತು. ಅವಳೂ ಸರಿಯಲಿಲ್ಲ.

"ಈಗ ತೆಗೀರಿ ಸಾ," ಎಂದಳು ಕ್ಯಾಮೆರಾವನ್ನೇ ದಿಟ್ಟಿಸುತ್ತಾ. "ಮಿಷಿನ್ನೂ ಕಾಣಂಗೆ."