ಎಡಗಡೆಯ ಹಲ್ಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವರ ಹಲ್ಲೆಲ್ಲ ಉದುರಿಹೋಗಲಿ. ಆಗಲೇ ಉದುರಿರುವ ನಾಲ್ಕು ಬೇರೆ ಕಾರಣಕ್ಕೆ ಹೋದದ್ದು, ಅವನ್ನು ಲೆಕ್ಕಕ್ಕೆ ಹಿಡಿಯಬಾರದು.

ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಹುಡುಗಿಯನ್ನು ಊರೆಲ್ಲ ‘ಸಿಸ್ಟರ್’ ಎಂದೇ ಕರೆಯುತ್ತಿತ್ತು. ತೊಂಬತ್ತರ ಮುದುಕರಿಗೂ ಸಿಸ್ಟರ್, ಅಂಗಿಗುಂಡಿ ಹಾಕಲು ಬಾರದ ಮಕ್ಕಳಿಗೂ ಸಿಸ್ಟರ್. ರಜೆಗೆ ಬಂದಿದ್ದ ಸೈನಿಕನೊಬ್ಬ ಮಾತ್ರ ಏನು ಮಾಡಿದರೂ ಹಾಗೆ ಕರೆಯಲಿಲ್ಲ. ‘ರೀ’ ಎನ್ನುತ್ತಿದ್ದ.

ಮೊದಲ ದಿನ ಬಂದವನು ಇಂಜೆಕ್ಷನ್ ಕಂಡದ್ದೇ ತಡ, ಕುರ್ಚಿಯಿಂದ ಜಾರಿ ನೆಲ ಸೇರಿದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಂಥ ಆಳು. ಬಿದ್ದ ರಭಸಕ್ಕೆ ಎದುರಂಗಡಿಯ ಗೋಡೆ ಗಡಿಯಾರ ನಿಂತುಹೋಯಿತು. ಇವತ್ತಿಗೂ ನಡೆಯುತ್ತಿಲ್ಲ, ಬೇಕಾದವರು ಹೋಗಿ ನೋಡಿಕೊಳ್ಳಬಹುದು.

ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಅವಳು ಕೇಳಿದಳು: “ಸೈನ್ಯದಲ್ಲಿ ನಿಮಗೆ ಸೂಜಿ ಚುಚ್ಚಲೇ ಇಲ್ವಾ?”

“ಚುಚ್ಚಿದ್ರಂತೆ ರೀ. ನನಗೆ ಎಚ್ಚರ ಇರ್ಲಿಲ್ಲ.”

ಅವಳ ಮುಖಕ್ಕೆ ಮಾಸ್ಕ್ ಇತ್ತು. ತುಟಿ ಅಡಗಿಸಿಟ್ಟ ನಗುವನ್ನು ಕಣ್ಣು ಬಿಟ್ಟುಕೊಟ್ಟಿತು. ಅವನಿಗೆ ಅಷ್ಟೇ ಸಾಕಾಯಿತು.

ಮರುದಿನದಿಂದ ದಿನಕ್ಕೊಂದು ಹಲ್ಲು ನೋಯತೊಡಗಿತು. ಇವತ್ತು ಮೇಲಿನದು, ನಾಳೆ ಕೆಳಗಿನದು. ಅವಳು ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿ “ಇದಾ?” ಎಂದರೆ, ಇನ್ನೂ ಸ್ವಲ್ಪ ಪಕ್ಕಕ್ಕೆ ಎಂದು ಕೈಸನ್ನೆ ಮಾಡುತ್ತಿದ್ದ. ಒಂದೊಂದು ಹಲ್ಲೂ ಕಲ್ಲಿನಂತೆ ಗಟ್ಟಿಯಾಗಿದೆಯೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಡಾಕ್ಟರು ಒಬ್ಬರೇ. ವಯಸ್ಸಾಗಿ ಕಣ್ಣು ಮಂಜಾಗಿದ್ದ ಅವರಿಗೆ ಹಲ್ಲು ಕೀಳುವುದು ಬಿಟ್ಟರೆ ಬೇರೆ ಸಂತೋಷವಿರಲಿಲ್ಲ. ಒಂದು ದಿನ ತಾಳ್ಮೆಗೆಟ್ಟು, ಯಾವುದು ಅಂತ ತೋರಿಸಪ್ಪ, ಕಿತ್ತೇಬಿಡ್ತೀನಿ ಎಂದರು.

ಅವಳು ಟ್ರೇ ಹಿಡಿದು ಅವನ ಎಡಕ್ಕೆ ನಿಂತಿದ್ದಳು. ತಾನೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವನ ಬಾಯಿಂದಲೇ ಬರಲಿ ಎಂಬ ಹಟ. ನಿಜ ಹೇಳಿಬಿಡಿ ಎಂದು ಕಣ್ಣಲ್ಲೇ ಗದರಿದಳು. ಅವನ ಹಣೆಯಲ್ಲಿ ಬೆವರೊಡೆದಿತ್ತು. ಅವಳನ್ನೇ ನೋಡುತ್ತ ಎಡಗಡೆಯ ಹಲ್ಲೊಂದಕ್ಕೆ ಬೆರಳಿಟ್ಟು ಬಾಯಿ ಅಗಲಿಸಿದ. ಸೂಜಿ ಹತ್ತಿರ ಬಂದಾಗ ಅವನ ಕೈ ತಡಕಾಡಿ ಅವಳ ಕಿರುಬೆರಳನ್ನು ಹಿಡಿಯಿತು.

ಈ ಸಲ ಅವನಿಗೆ ಎಚ್ಚರ ತಪ್ಪಲಿಲ್ಲ.

ಹಲ್ಲು ಟ್ರೇಗೆ ಬಿತ್ತು. ಡಾಕ್ಟರು ಹತ್ತಿ ಕಚ್ಚಿಸಿ, ಅರ್ಧ ಗಂಟೆ ಬಾಯಿ ತೆರೆಯಕೂಡದೆಂದು ಅಪ್ಪಣೆ ಮಾಡಿ ಒಳಗೆ ಹೋದರು. ಅವನು ಬೆರಳು ಬಿಟ್ಟಿರಲಿಲ್ಲ. ಏನೋ ಹೇಳಲು ಹವಣಿಸುತ್ತಿದ್ದ.

“ಹತ್ತಿ ತೆಗೆದ ಮೇಲೆ ಹೇಳಿ. ನಾನೇನು ಓಡಿಹೋಗಲ್ಲ.”

ಓಡಿಹೋಗಬೇಕಾಗಿ ಬಂದದ್ದು ಅವನಿಗೆ. ಜೇಬಿನಲ್ಲಿ ಫೋನ್ ರಿಂಗಾಯಿತು. ಯುದ್ಧ ಶುರುವಾಗಿತ್ತು, ರಜೆ ರದ್ದಾಗಿತ್ತು. ಅತ್ತಲಿನ ಮಾತಿಗೆಲ್ಲ ಬರೀ ‘ಹೂಂ’ ಎನ್ನುತ್ತ ಎದ್ದ. ಮೆಟ್ಟಿಲ ತಿರುವಿನಲ್ಲಿ ಒಮ್ಮೆ ನಿಂತು ಅವಳನ್ನು ನೋಡಿದ. ಹೇಳಬೇಕಾದದ್ದನ್ನು ಹತ್ತಿಯ ಹಿಂದೆಯೇ ಇಟ್ಟುಕೊಂಡು ಇಳಿದುಹೋದ.

ಅವನು ಬರಲಿಲ್ಲ, ಪದಕ ಬಂತು. ಗುಂಡಿನ ಸುರಿಮಳೆಯಲ್ಲಿ ಮೂರು ಸಲ ನುಗ್ಗಿ, ಸಲಕ್ಕೊಬ್ಬ ಗಾಯಾಳುವನ್ನು ಹೊತ್ತು ತಂದಿದ್ದ. ನಾಲ್ಕನೆಯ ಸಲ ಹೋದವನು ಅಲ್ಲೇ ಉಳಿದ. ನಡೆದದ್ದು ಇಷ್ಟು. ಉಳಿದದ್ದು ಅವನ ದೊಡ್ಡಪ್ಪ ಕಟ್ಟಿದ ಕತೆ. ವರ್ಷಕ್ಕೊಮ್ಮೆ ವೃತ್ತದಲ್ಲಿ ಅವನ ಪ್ರತಿಮೆಯ ಮುಂದೆ ಸಭೆ, ದೊಡ್ಡಪ್ಪನದೇ ಭಾಷಣ. ಮೊದಲ ವರ್ಷದ ಮೂವರು ಗಾಯಾಳುಗಳು ಮರುವರ್ಷ ಒಂಬತ್ತಾದರು. ಹೋದ ವರ್ಷ ಅವನು ಒಂದು ಜೀಪನ್ನೂ ಹೊತ್ತು ತಂದ, ಡ್ರೈವರ್ ಸಮೇತ.

ಅವಳು ಪ್ರತಿವರ್ಷ ಹಿಂದಿನ ಸಾಲಿನಲ್ಲಿ ನಿಂತು ಕೇಳುತ್ತಿದ್ದಳು. ಹೆಂಡತಿಯಲ್ಲ, ಮದುವೆಯ ಮಾತಾದವಳೂ ಅಲ್ಲ, ಯಾವ ಬಾಯಲ್ಲಿ ಏನು ಹೇಳುವುದು? ಹೆದರುತ್ತಿದ್ದ ಎಂದರೆ ವೀರನಿಗೆ ಅವಮಾನ. ಹೆದರುತ್ತಿರಲಿಲ್ಲ ಎಂದರೆ ಅದು ಅವನೇ ಅಲ್ಲ. ಪ್ರತಿಮೆಗೆ ಇಬ್ಬರಿಗಾಗುವಷ್ಟು ಎದೆ ಇತ್ತು, ಬಾಯಿ ಬಿಗಿದುಕೊಂಡಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರೆ. ಇವಳಿಗೆ ಒಂದು ಹಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಹತ್ತಿಯಲ್ಲಿ ಸುತ್ತಿ, ಪುಟ್ಟ ಡಬ್ಬಿಯಲ್ಲಿ ಹಾಕಿ, ಸದಾ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು.

ಈ ವರ್ಷ ಸಭೆಯ ಹಿಂದಿನ ದಿನ ಕೆನ್ನೆ ಊದಿಸಿಕೊಂಡು ಒಬ್ಬ ಹೆಂಗಸು ಬಂದರು. ಅವನ ತಾಯಿ. ಸೂಜಿ ಕಂಡು ಅವರ ಮುಖ ಬಿಳಿಚಿತು. ಕೈ ತಡಕಾಡಿ ಅವಳ ಕಿರುಬೆರಳನ್ನೇ ಹಿಡಿಯಿತು. ಅದೇ ಬೆರಳು, ಅದೇ ಬಿಗಿ.

“ನೋವು ನನಗೆ. ನೀನ್ಯಾಕಮ್ಮ ಅಳ್ತೀಯಾ?”

ಅವಳು ಕೈಚೀಲಕ್ಕೆ ಕೈ ಹಾಕಿದಳು. ಡಬ್ಬಿ ತಂದು ಅವರ ಅಂಗೈಯಲ್ಲಿಟ್ಟಳು. ನಿಮ್ಮ ಮಗನದು ಎಂದಳು. ತಾಯಿ ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಹುಳುಕೇ ಇಲ್ವಲ್ಲ ಇದರಲ್ಲಿ. ಯಾಕೆ ಕೀಳಿಸ್ಕೊಂಡ?”

ಅವಳು ತಲೆ ತಗ್ಗಿಸಿದಳು. ತಾಯಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು.

“ಅವತ್ತು ನೀನು ಯಾವ ಕಡೆ ನಿಂತಿದ್ದೆ?”

“ಎಡಗಡೆ.”

“ಇದು ಯಾವ ಕಡೇದು?”

“ಎಡಗಡೇದೇ, ಅಮ್ಮಾ.”

ಆಮೇಲೆ ಅವಳು ಮೂರ್ಛೆಯಿಂದ ಹಿಡಿದು ಹತ್ತಿಯವರೆಗೆ ಎಲ್ಲವನ್ನೂ ಹೇಳಿದಳು. ತಾಯಿ ಹಲ್ಲಿನ ಮೇಲೆ ಮುಷ್ಟಿ ಮುಚ್ಚಿದರು.

“ಚಿಕ್ಕವನಿದ್ದಾಗ ಕತ್ತಲೆ ಕೋಣೆಗೆ ಒಬ್ಬನೇ ಹೋಗ್ತಿರ್ಲಿಲ್ಲ ಕಣೇ ಅವನು. ನಾನು ಬೆರಳು ಕೊಡ್ಬೇಕಿತ್ತು. ಅಲ್ಲಿ ಮೂರು ಸಲ ಹೋಗಿ ಬಂದನಂತೆ. ಎಷ್ಟು ಹೆದರಿದ್ನೋ ಏನೋ. ಹಿಡ್ಕೊಳ್ಳೋಕೆ ಯಾರ ಬೆರಳೂ ಇರ್ಲಿಲ್ಲ.”

ಡಾಕ್ಟರು ಬಾಯಿ ತೆರೆಯಿರಿ ಎಂದರು. ಇಬ್ಬರೂ ತೆರೆಯಲಿಲ್ಲ.

ಮರುದಿನ ಸಭೆಯ ಮುಂದಿನ ಸಾಲು ಮನೆಯವರಿಗೆಂದು ಮೀಸಲಿತ್ತು. ತಾಯಿ ಪಕ್ಕದ ಕುರ್ಚಿಯಿಂದ ಚೀಲ ತೆಗೆದು, ಹಿಂದೆ ನಿಂತಿದ್ದವಳನ್ನು ಕರೆದರು. ಇದು ನಿಂದೇ ಜಾಗ, ಕೂತ್ಕೋ ಎಂದರು. ವೇದಿಕೆಯ ಮೇಲೆ ದೊಡ್ಡಪ್ಪ ಆಗಲೇ ಜೀಪಿಗೆ ಒಂದು ಟ್ರೇಲರ್ ಜೋಡಿಸಿದ್ದರು.

“ನಮ್ಮ ಹುಡುಗ ಹೆದರಿದ್ದನ್ನ ಕಂಡವರು ಈ ಊರಲ್ಲಿ ಯಾರಾದ್ರೂ ಇದ್ರೆ ಎದ್ದು ನಿಲ್ಲಲಿ” ಎಂದರು.

ತಾಯಿ ಎದ್ದು ನಿಂತರು.

ಅವಳೂ ಎದ್ದಳು. ಮೈಕಿನ ಮುಂದೆ ದೊಡ್ಡಪ್ಪನ ಬಾಯಿ ತೆರೆದದ್ದು ಹಾಗೇ ಇತ್ತು. ತಾಯಿ ಅವಳ ಕಿರುಬೆರಳು ಹಿಡಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ರಸ್ತೆಯ ಕಡೆ ನಡೆದರು. ಪ್ರತಿಮೆ ದಾಟಿದ ಮೇಲೆ ಮೆಲ್ಲಗೆ ಕೇಳಿದರು:

“ಹತ್ತಿ ತೆಗೆದಿದ್ರೆ ಏನು ಹೇಳ್ತಿದ್ದ ಅಂತ ಗೊತ್ತಾ ನಿನಗೆ?”

“ಗೊತ್ತು, ಅಮ್ಮಾ.”

“ಹಾಗಾದ್ರೆ ಸರಿ.”

ಹಿಂದಿನಿಂದ ಮೈಕ್ ಕೆಮ್ಮಿತು. “ಅಂದ್ರೆ, ನಾನು ಹೇಳೋಕೆ ಹೊರಟಿದ್ದು ಏನಪ್ಪಾ ಅಂದ್ರೆ, ನಮ್ಮ ಹುಡುಗ ಆ ಟ್ರೇಲರನ್ನ ಬರೀ ಎಡಗೈಯಲ್ಲಿ…”