ಬಿಸಿಲಿಗಿಟ್ಟ ಸೆಲ್ಲು

ಸುಳ್ಳು ಹೇಳಿ ನನಗೇನು ಸಿಗಬೇಕಿದೆ? ಮಲಾವಿಯ ನಮ್ಮ ಹಳ್ಳಿಯಲ್ಲಿ ರೇಡಿಯೊ ಸೆಲ್ಲು ವೀಕಾದರೆ ಹಲ್ಲಿನಿಂದ ಕಚ್ಚಿ ಬಿಸಿಲಿಗಿಡುತ್ತೇವೆ. ಇನ್ನೊಂದು ಗಂಟೆ ಹಾಡುತ್ತದೆ. ಹಾಗೆ ಕಚ್ಚಿ ಕಚ್ಚಿಯೇ ನಮ್ಮ ಮಾವ ಜಕೆಯೊ ಮುಂದಿನ ಒಂದು ಹಲ್ಲು ಮುರಿದುಕೊಂಡಿದ್ದರು.

ಅವರನ್ನು ಮಣ್ಣು ಮಾಡಿ ಬಂದಮೇಲೆ ಹೊಸ ಸೆಲ್ಲು ತಂದೆ. ತಿಂಗಳಲ್ಲಿ ಅವೂ ಸೋರಿ ಬಿಳಿ ಪುಡಿ ಕಟ್ಟಿದವು. ಕಚ್ಚಲು ಮನಸ್ಸಾಗದೆ ಹಾಗೇ ತಗಡಿನ ಸೂರಿನ ಮೇಲಿಟ್ಟೆ. ಮಧ್ಯಾಹ್ನ ತಗಡು ಕೈ ಸುಡುತ್ತಿತ್ತು. ಸೆಲ್ಲು ಮಾತ್ರ ಮಡಕೆಯ ನೀರಿನಷ್ಟು ತಣ್ಣಗಿದ್ದವು. ರೇಡಿಯೊಗೆ ಹಾಕಿದೆ. ಮೂರು ದಿನವಾದರೂ ಹಾಡು ನಿಲ್ಲಲಿಲ್ಲ.

ತಡೆಯಲಾರದೆ ಬಿಚ್ಚಿ ನೋಡಿದೆ. "ಏನ್ರೀ, ಇದನ್ನ ನೀವು ಕಚ್ಚಿದ್ರಾ?" ಅಂತ ಗಂಡನನ್ನು ಕೇಳಿದೆ.

"ಥೂ, ಸೋರಿದ್ದನ್ನ ಯಾರಾದ್ರೂ ಬಾಯಿಗಿಡ್ತಾರೇನೇ?"

ಎರಡರ ಮೇಲೂ ಹಲ್ಲಿನ ಗುರುತು ಇನ್ನೂ ಒದ್ದೆಯಾಗಿತ್ತು, ನಡುವೆ ಒಂದು ಹಲ್ಲಿನಷ್ಟು ಜಾಗ ಬಿಟ್ಟು.

ಮನೆಯಲ್ಲಿರುವುದು ನಾವಿಬ್ಬರೇ. ಅವರಿಗೆ ಮೂವತ್ತೆರಡೂ ಹಲ್ಲಿವೆ. ನನಗೂ.